ಅಕ್ಕನ ಪಾಲಿನ ಅವ್ವ

ನಮ್ಮ ಅತ್ತೆಗೆ ಪಿಸುಮಾತು ಬರುತ್ತಿರಲಿಲ್ಲ. ಗುಟ್ಟು ಹೇಳಬೇಕಾದರೆ ಬಾಗಿಲು ಹಾಕಿಕೊಂಡು ಬಂದು ಕೂಗುತ್ತಿದ್ದರು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ಹೊತ್ತು ಹುಟ್ಟಿದಾಗಿನಿಂದ ಅದರ ಸದ್ದು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವ್ವನ ಗಂಟಲು ಹೀಗಾಯಿತು ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಅದೆಲ್ಲ ಸುಳ್ಳು. ಓಣಿಯ ಬೇರೆ ಹೆಂಗಸರೂ ಅದೇ ಸದ್ದಿನಲ್ಲಿ ಬಾಳಿದವರು, ಅವರ್ಯಾರೂ ಹೀಗೆ ಕೂಗುತ್ತಿರಲಿಲ್ಲ.

ಅವರು ತೀರಿಹೋಗಿ ಬಹಳ ವರ್ಷಗಳಾದವು. ಈಗಲೂ ಯಾರಾದರೂ ಹಳಬರು ಸಿಕ್ಕು, "ನಿಮ್ಮ ಅತ್ತಿ ಭಾಳ ಛಲೋ ಮನಷ್ಯಾಳು ಬಿಡ್ರಿ" ಎಂದರೆ ನನಗೆ ಸುಮ್ಮನೆ ತಲೆಯಾಡಿಸಲು ಆಗುವುದಿಲ್ಲ. ಛಲೋ ಇದ್ದರು, ಖರೆ. ಆದರೆ ಆ ಛಲೋತನವನ್ನೆಲ್ಲ ನಾನೊಬ್ಬಳೇ ತಿಂದು ಮುಗಿಸಿದೆ. ಅದರಲ್ಲಿ ಅವರ ಮಗಳ ಪಾಲೂ ಇತ್ತು. ಈ ಮಾತನ್ನು ಹಳಬರಿಗೆ ಹೇಳಲು ಹೋದರೆ, "ಅಯ್ಯ, ಏನೇನರೆ ಹಚಗೋಬ್ಯಾಡ್ರಿ ಮನಸಿಗೆ" ಎಂದು ಎದ್ದು ಹೋಗುತ್ತಾರೆ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಅತ್ತೆ ಕುಳ್ಳಗೆ, ದಪ್ಪಗೆ ಇದ್ದರು. ಎಲೆಯ ಜೊತೆ ತಂಬಾಕು ಹಾಕಿಕೊಂಡು ಒಂದು ಕೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಗಂಡ ಬೇಗ ಹೋದರು. ಒಬ್ಬ ಮಗಳು, ಒಬ್ಬ ಮಗ. ಮಗಳೇ ದೊಡ್ಡವರು, ನಾನು ಅಕ್ಕಾ ಎನ್ನುತ್ತಿದ್ದೆ. ಆಕೆಯನ್ನು ಹುನಗುಂದಕ್ಕೆ ಕೊಟ್ಟಿತ್ತು. ಮಗ ನಮ್ಮ ಮನೆಯವರು, ಮಗ್ಗದ ಕುಣಿಯಲ್ಲಿ ಇಳಿದರೆ ಊಟಕ್ಕೆ ಮಾತ್ರ ಮೇಲೆ ಬರುವವರು. ಅತ್ತೆಯ ಕೆಲಸ ಕೊಂಡಿ ಕಟ್ಟುವುದು. ಇಳಕಲ್ ಸೀರೆ ಉಟ್ಟವರಿಗೆಲ್ಲ ಇದು ಗೊತ್ತಿರುವುದಿಲ್ಲ. ಸೀರೆಯ ಮೈಯ ಎಳೆಗಳು ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳು ಬೇರೆ. ಕುಣಿಕೆಯಲ್ಲಿ ಕುಣಿಕೆ ಸಿಗಿಸಿ ಎರಡನ್ನೂ ಸೇರಿಸಬೇಕು. ಪ್ರತಿ ಸೀರೆಗೂ ಹೊಸದಾಗಿ ಸೇರಿಸಬೇಕು. ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಮಾಡುವ ಕೆಲಸ ಅದು. ಅಕ್ಕ ಮದುವೆಯಾಗಿ ಹೋಗುವ ತನಕ ಅತ್ತೆಯ ಎದುರಿಗೆ ಆಕೆ ಕೂರುತ್ತಿದ್ದರು. ಆಮೇಲೆ ನಾನು ಬಂದು ಕೂತೆ.

ನನ್ನ ತವರು ಚೊಳಚಗುಡ್ಡ, ಬನಶಂಕರಿ ಗುಡಿಯ ಊರು. ನಮ್ಮಪ್ಪನಿಗೂ ಮಗ್ಗವಿತ್ತು, ಆದರೆ ಕುಪ್ಪಸದ ಖಣ ನೇಯುವ ಮಗ್ಗ. ಕೊಂಡಿಯ ಕೆಲಸ ನನಗೆ ಹೊಸದು. ಎಳೆ ಕೈ ಜಾರಿದಾಗಲೆಲ್ಲ ಅತ್ತೆಯ ಕೂಗು ಓಣಿಗೆ ಕೇಳುತ್ತಿತ್ತು. "ಬನಶಂಕರಿ ಬಾಳಿಹಣ್ಣು ತಿಂದು ಬೆಳದಾಕಿ ನೀ! ಬೆರಳಾಗ ಎಲುಬ ಹಾಕಿ ಕಳಿಸಿಲ್ಲೇನು ನಿಮ್ಮವ್ವ?" ನಾನು ಮುಖ ಉಬ್ಬಿಸಿಕೊಂಡರೆ ತಾವೇ ಒಂದು ತುಂಡು ಬೆಲ್ಲ ತಂದು ಬಾಯಿಗೆ ತುರುಕುತ್ತಿದ್ದರು. ಅಷ್ಟೇ ಅವರ ಸಂಧಾನ.

ಆಗ ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಚೊಚ್ಚಲ ಬಾಣಂತನ ಮುಗಿಸಿ, ಮಗನನ್ನು ಎತ್ತಿಕೊಂಡು ತವರಿನಿಂದ ಇಳಕಲ್ಲಿಗೆ ಬಂದೆ. ಬಂದು ಸ್ವಲ್ಪ ದಿನಕ್ಕೆ ನನಗೆ ಏನೋ ಆಯಿತು. ಏನಾಯಿತೆಂದು ಹೇಳುವುದು ಈಗಲೂ ಕಷ್ಟ. ತಲೆಯ ಹತ್ತಿರವೇ ತಂಬಿಗೆ ಇರುತ್ತಿತ್ತು, ನೀರಡಿಕೆಯೂ ಆಗುತ್ತಿತ್ತು, ಕೈ ಚಾಚುವುದು ಆಗುತ್ತಿರಲಿಲ್ಲ. ಮಗ ಅತ್ತರೆ ಯಾರದೋ ಮನೆಯ ಕೂಸು ಅತ್ತಂತೆ ಕೇಳುತ್ತಿತ್ತು. ರೊಟ್ಟಿ ಬಾಯಲ್ಲಿ ಮಣ್ಣಾಗುತ್ತಿತ್ತು. ಎಲ್ಲಕ್ಕಿಂತ ನಾಚಿಕೆ ಯಾವುದೆಂದರೆ, ಅಳುವುದಕ್ಕೆ ನನ್ನ ಹತ್ತಿರ ಕಾರಣವೇ ಇರಲಿಲ್ಲ. ಗಂಡ ಕುಡಿಯುವವರಲ್ಲ, ಬಡಿಯುವವರಲ್ಲ. ಅತ್ತೆ ಬೈದು ಬೆಲ್ಲ ತಿನ್ನಿಸುವವರು. ಮೊದಲ ಕೂಸೇ ಗಂಡು. ಇಷ್ಟಿದ್ದೂ ಬೆಳಗಾದರೆ ಯಾಕೆ ಬೆಳಗಾಯಿತೋ ಎಂದು ಅಳು ಬರುತ್ತಿತ್ತು.

ಈಗಿನವರು ಇದಕ್ಕೆ ಖಿನ್ನತೆ ಎನ್ನುತ್ತಾರೆ. ನಮಗೆ ಹೆಸರು ಗೊತ್ತಿರಲಿಲ್ಲ. ಓಣಿಯಲ್ಲಿ ಕೆಲವರು ಗಾಳಿ ಎಂದರು, ಕೆಲವರು ಸೊಕ್ಕು ಎಂದರು. ಸೊಕ್ಕು ಎಂದವರೇ ಹೆಚ್ಚು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೇ ಸಲಕ್ಕೆ ಉತ್ತರ ಕೊಟ್ಟರು.

"ನನ್ನ ಸೊಸಿಗೆ ಸೊಕ್ಕ ಬಂದ್ರ ನಾ ಇಳಸ್ತೇನಿ. ನೀವ್ಯಾಕ ಮೈ ಪರಚಗೊಳ್ಳಾಕತ್ತೀರಿ?"

ಹಾಗೆಂದು ತಾವು ಸುಮ್ಮನಿರಲಿಲ್ಲ. ನಿಂಬೆಹಣ್ಣು ಇಳಿಸಿದರು, ತಾಯಿತ ಕಟ್ಟಿಸಿದರು, ಬನಶಂಕರಿಗೆ ಹರಕೆ ಹೊತ್ತರು. ಮೋಟಾರು ಹತ್ತಿಸಿ ಬಾಗಲಕೋಟೆಯ ದವಾಖಾನೆಗೂ ಕರೆದುಕೊಂಡು ಹೋದರು. "ದೇವಿಗೂ ಹೇಳೇನಿ, ಡಾಕ್ಟರಗೂ ಹೇಳೇನಿ. ಯಾರು ಮೊದಲ ಬರ್ತಾರ ಬರವಲ್ರ್ಯಾಕ" ಎಂದು ಮೋಟಾರಿನಲ್ಲಿದ್ದವರಿಗೆಲ್ಲ ಸಾರಿದರು. ಡಾಕ್ಟರು ಮುದುಕರು, ಒಳ್ಳೆಯವರು. ರಕ್ತ ಕಡಿಮೆಯಿದೆ ಎಂದು ಟಾನಿಕ್ಕು ಬರೆದುಕೊಟ್ಟು, "ಬಾಯಿ ಮಾಡಬ್ಯಾಡ್ರಿ, ವಿಶ್ರಾಂತಿ ಕೊಡ್ರಿ" ಎಂದರು. ಅತ್ತೆ ವಿಶ್ರಾಂತಿ ಎಂಬ ಆ ಒಂದು ಶಬ್ದವನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದರು.

ನಮ್ಮ ಜನಕ್ಕೆ ವಿಶ್ರಾಂತಿ ಎಂದರೆ ಏನು? ಕೈಯಲ್ಲಿದ್ದ ಕೆಲಸ ತೆಗೆದುಕೊಳ್ಳುವುದು. ಹೆಂಗಸು ದಣಿದಳು ಎಂದರೆ ಒಂದೊಂದಾಗಿ ಅವಳ ಕೈ ಬರಿದು ಮಾಡುತ್ತೇವೆ, ಅದೇ ನಮಗೆ ಗೊತ್ತಿರುವ ಪ್ರೀತಿ. ಮೊದಲು ನೀರು ತರುವುದು ಬಿಡಿಸಿದರು. ಆಮೇಲೆ ರೊಟ್ಟಿ ಬಡಿಯುವುದು. ಕೊಂಡಿ ಕಟ್ಟಲು ನನ್ನ ಜಾಗಕ್ಕೆ ಪಕ್ಕದ ಮನೆಯವಳನ್ನು ಕರೆದು ಕೂರಿಸಿಕೊಂಡರು. ಅವಳ ಬೆರಳು ಚುರುಕು. ಅತ್ತೆ ಅವಳನ್ನು ಬೈಯುತ್ತಿರಲಿಲ್ಲ. ನಾನು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಅದನ್ನು ಕೇಳುತ್ತಿದ್ದೆ.

ಕಡೆಗೆ ಉಳಿದದ್ದು ಕೂಸು. ಅಕ್ಕನ ಮೊದಲನೆಯ ಮಗ ಆಗಿನ್ನೂ ಮೊಲೆ ಕುಡಿಯುತ್ತಿದ್ದ. ಒಂದು ದಿನ ಆಕೆ ಹುನಗುಂದದಿಂದ ಬಂದು ನನ್ನ ಹತ್ತಿರ ಕೂತರು. ಅತ್ತೆ ನನ್ನ ತಲೆ ಸವರಿ ಹೇಳಿದರು:

"ಕೂಸಿನ್ನ ನಾಕದಿನ ನಿಮ್ಮಕ್ಕ ಒಯ್ತಾಳವ್ವಾ. ಆಕೀಗೂ ಎದಿಹಾಲ ಐತಿ. ನೀ ಹಾಯಾಗಿ ಮಕ್ಕೊ. ಏನಂತಿ?"

ಒಲ್ಲೆ ಅನ್ನುವುದಕ್ಕೂ ಮೈಯಲ್ಲಿ ಬಲ ಬೇಕಲ್ಲ. ಅಕ್ಕ ಕೂಸನ್ನು ಎದೆಗೆ ಒತ್ತಿಕೊಂಡು, "ನನ್ನ ಮಗನ ಜೋಡಿ ಇವನೂ ಬೆಳೀತಾನ ಬಿಡು, ಚಿಂತಿ ಮಾಡಬ್ಯಾಡ" ಎಂದರು. ಆಕೆಯ ಕಣ್ಣಲ್ಲಿ ನೀರಿತ್ತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ತೊಟ್ಟಿಲು ಖಾಲಿಯಾದ ಮೇಲೆ ನಾನು ಒಂದು ಲೆಕ್ಕಕ್ಕೆ ಬಂದೆ. ನೀರು ಬರುತ್ತದೆ, ರೊಟ್ಟಿ ಆಗುತ್ತದೆ, ಕೊಂಡಿ ಕಟ್ಟುತ್ತಾರೆ, ಕೂಸು ಹಾಲು ಕುಡಿಯುತ್ತದೆ. ನಾನಿಲ್ಲದೆ ಯಾವುದೂ ನಿಂತಿಲ್ಲ. ಹಿತ್ತಲಲ್ಲಿ ಬಾವಿ ಇತ್ತು. ಒಂದು ಮಧ್ಯಾಹ್ನ ಎದ್ದು ಹೋಗಿ ಅದರ ಕಟ್ಟೆಯ ಮೇಲೆ ಕೂತೆ. ಎಷ್ಟೋ ದಿನದ ಮೇಲೆ ನಾನಾಗಿ ಎದ್ದದ್ದು ಅದೇ ಮೊದಲು.

ಅತ್ತೆ ಯಾಕೆ ಹಿತ್ತಲಿಗೆ ಬಂದರೋ ಗೊತ್ತಿಲ್ಲ. ನನ್ನನ್ನು ನೋಡಿದವರೇ ಅಲ್ಲೇ ನಿಂತರು. ಬೇರೆ ಯಾರಾದರೂ ಆಗಿದ್ದರೆ, ಬಾರವ್ವಾ ಬಿಸಿಲಾತು, ಎಂದು ಏನೋ ನೆಪ ಹೇಳಿ ಕರೆಯುತ್ತಿದ್ದರು. ನಮ್ಮ ಅತ್ತೆಗೆ ಅದೆಲ್ಲ ಎಲ್ಲಿಂದ ಬರಬೇಕು?

"ಸಾಯಬೇಕಂತ ಕುಂತೀಯೇನು?" ಎಂದು ಕೂಗಿದರು. ಆಚೆಮನೆಯ ಮಗ್ಗ ನಿಂತುಬಿಟ್ಟಿತು.

"ಹೂಂ" ಎಂದೆ. ಅಷ್ಟು ನೆಟ್ಟಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದಕ್ಕೆ ಹೇಳಿದೆ, ಅಷ್ಟೇ.

ಅವರು ಹತ್ತಿರ ಬಂದು, ನನ್ನ ಸೆರಗನ್ನು ತಮ್ಮ ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡು, ಪಕ್ಕದಲ್ಲೇ ಕೂತರು. ಏದುಸಿರು ಬಿಡುತ್ತಿದ್ದರು.

"ಯಾಕ?" ಎಂದರು.

"ನಾ ಯಾತಕ್ಕ ಬೇಕ್ರಿ ಅತ್ತಿ? ಕೂಸು ಅಲ್ಲಿ ಆರಾಮ ಐತಿ. ಕೊಂಡಿಗೆ ಆಕಿ ಬರ್ತಾಳ. ನಾ ಹ್ವಾದ್ರ ಎಲ್ಲಾರಿಗೂ ಹಗುರ ಆಕ್ಕೈತಿ."

ಅತ್ತೆ ಹಣೆ ಹಣೆ ಬಡಿದುಕೊಂಡರು. "ಅಯ್ಯ ನನ್ನ ಶಿವನ! ಹಗುರ ಮಾಡ್ತೇನಿ ಅಂತ ಹೋಗಿ ಎಲ್ಲಾ ನಾನ ಕಸಗೊಂಡೆನಲ್ಲವ್ವಾ! ಕೂಸಿನ್ನೂ ಕಸಗೊಂಡೆನಲ್ಲ! ಹಿಂತಾ ಮುದಿ ಗೊಡ್ಡಿಗೆ ಯಾರ ಬುದ್ಧಿ ಹೇಳಬೇಕು?" ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಅದೂ ಜೋರಾಗಿಯೇ ಅತ್ತರು.

ಹಾಗೇ ನನ್ನನ್ನು ಎಬ್ಬಿಸಿದರು. ತಲೆ ಬಾಚಲಿಲ್ಲ, ಸೀರೆ ಬದಲಿಸಲಿಲ್ಲ. ಸೆರಗು ಅವರ ಮುಂಗೈಯಲ್ಲೇ ಇತ್ತು. ಸಂಜೆಯ ಮೋಟಾರಿಗೆ ಹುನಗುಂದಕ್ಕೆ ಹೋದೆವು. ಅಕ್ಕನ ಮನೆಯ ಹೊಸ್ತಿಲು ದಾಟುತ್ತಲೇ, "ಕೂಸಿನ್ನ ಕೊಡು" ಎಂದರು. ಅಕ್ಕ ಬೆಚ್ಚಿಬಿದ್ದರು.

"ಯಾಕ ಯವ್ವಾ? ನಾ ಏನ ಕಡಿಮಿ ಮಾಡೇನಿ ಕೂಸಿಗೆ?"

"ನೀ ಏನೂ ಮಾಡಿಲ್ಲ. ನಾ ಮಾಡೇನಿ. ಮೊದಲ ಕೊಡು."

ಬಿಡಿಸಿ ಹೇಳುವುದು ಅತ್ತೆಗೆ ಬರಲಿಲ್ಲ. ಹೇಳಬೇಕಾದವಳು ನಾನು, ನನ್ನ ಬಾಯಿಗೆ ಬೀಗ. ಪ್ರೀತಿಯಿಂದ ಎದೆಹಾಲು ಕೊಟ್ಟ ಅಕ್ಕ, ಕಳ್ಳಿಯ ಹಾಗೆ ನಿಂತು ಕೂಸನ್ನು ಒಪ್ಪಿಸಿದರು. ಮೊದಲನೆಯ ಪೆಟ್ಟು ಆಕೆಗೆ ಬಿದ್ದದ್ದು ಅಲ್ಲಿ.

ಮರುದಿನದಿಂದ ಅತ್ತೆಯ ರೀತಿ ಬದಲಾಯಿತು. ಬೆಳಗ್ಗೆ ಬಂದು ಹಾಸಿಗೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕೇಳುತ್ತಿದ್ದರು. "ಇವತ್ತ ಕುಂದ್ರೂ ದಿನಾನೋ, ಮಕ್ಕೊಳ್ಳೂ ದಿನಾನೋ?" ಮಲಗುವ ದಿನ ಎಂದರೆ ಸರಿ, ಮುಖ ಸಣ್ಣ ಮಾಡುತ್ತಿರಲಿಲ್ಲ. ಕೂಸನ್ನು ತಂದು ನನ್ನ ಮಗ್ಗುಲಿಗೆ ಒತ್ತಿ ಮಲಗಿಸಿ ಹೋಗುತ್ತಿದ್ದರು. ಅದು ಅತ್ತರೆ ಎತ್ತಿಕೊಳ್ಳಲು ಓಡಿ ಬರುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತಿರುತ್ತಿದ್ದರು, ಅವರ ಕಾಲು ಕಾಣುತ್ತಿತ್ತು. ಕೂರುವ ದಿನ ಎಂದರೆ ಎಳೆಗಳನ್ನು ತಂದು ಕೈಗೆ ಕೊಡುತ್ತಿದ್ದರು. "ಕಟ್ಟಬ್ಯಾಡ. ಬರೇ ಹಿಡಕೊಂಡು ಕುಂದ್ರು." ಹಿಡಿದುಕೊಂಡಿರುವುದರಲ್ಲೂ ನಾನು ಒಂದು ದಿನ ತಪ್ಪಿದೆ, ಅರ್ಧ ದಿನದ ಕೆಲಸ ಸಿಕ್ಕುಸಿಕ್ಕಾಯಿತು. ಅತ್ತೆ ತಡೆದುಕೊಳ್ಳಲಾರದೆ ಬೈದರು. ಬಾಳೆಹಣ್ಣು, ಬೆರಳು, ನನ್ನವ್ವ, ಎಲ್ಲ ಬಂತು. ಬೈದು ಮುಗಿಸಿ ತಾವೇ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ನಗುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ನಾನು ಬೈಸಿಕೊಳ್ಳುವವಳಾಗಿದ್ದೆ.

ಅಲ್ಲಿಗೆ ಜಡ್ಡು ವಾಸಿಯಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಆಗಲಿಲ್ಲ. ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮನೆಯವರ ದೊಡ್ಡಪ್ಪ ಒಬ್ಬರು ಬಾಗಲಕೋಟೆಯಿಂದ ಬಂದು ಅತ್ತೆಗೆ ಬುದ್ಧಿ ಹೇಳಿದರು. "ಹಿಂತಾಕಿನ್ನ ತವರಿಗೆ ಕಳಿಸಿಬಿಡ್ರಿ. ಮಗಗ ಇನ್ನೊಂದು ಮಾಡೂಣು. ಕೂಸು ಇಲ್ಲೇ ಇರಲಿ."

"ಮಾಡ್ರಿ" ಎಂದರು ಅತ್ತೆ. "ಅದಕ್ಕೂ ಮೊದಲ ನನಗೊಂದು ಬ್ಯಾರೆ ಮನಿ ನೋಡ್ರಿ. ನಾ ನನ್ನ ಸೊಸಿ ಕೂಸು ಅಲ್ಲಿರ್ತೇವಿ. ನೀವು ಮದುವಿ ಊಟ ಉಂಡು ಇಲ್ಲಿರ್ರಿ." ದೊಡ್ಡಪ್ಪ ಚಹಾ ಕುಡಿಯದೆ ಎದ್ದು ಹೋದರು. ಕುಣಿಯಲ್ಲಿದ್ದ ನಮ್ಮ ಮನೆಯವರು ಅಂದು ಲಾಳಿಯನ್ನು ಬಹಳ ಜೋರಾಗಿ ಎಸೆಯುತ್ತಿದ್ದರು. ಅವರಿಗೆ ಸಂತೋಷವಾದಾಗ ಹಾಗೆ.

ಹೀಗೆ ನನ್ನ ಮನೆ, ನನ್ನ ಗಂಡ, ನನ್ನ ಮಗ ನನಗೆ ಉಳಿದದ್ದು ಅತ್ತೆಯಿಂದ. ಅದಕ್ಕೆ ಯಾರು ಏನು ತೆತ್ತರು ಎನ್ನುವುದು ಇನ್ನು ಮುಂದಿನ ಮಾತು.

ಅಕ್ಕ ಎರಡನೆಯದಕ್ಕೆ ಬಸುರಾದರು. ಚೊಚ್ಚಲು ತವರಲ್ಲಿ ಆಗಿತ್ತು, ಇದು ಹುನಗುಂದದಲ್ಲೇ ಆಗಬೇಕು. ಆಕೆಯ ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇರಲಿಲ್ಲ. ಹೆತ್ತ ತಾಯಿ ಹೋಗಿ ಬಾಣಂತನ ಮಾಡುವುದು ಎಂದು ಗೊತ್ತಾಗಿತ್ತು. ಅತ್ತೆ ಅಂಟಿನ ಉಂಡೆ ಕಟ್ಟಿದರು, ತುಪ್ಪ ಕಾಯಿಸಿದರು, ಹಳೆಯ ಸೀರೆ ಒಗೆದು ಕೂಸಿಗೆ ಅರಿವೆ ಹರಿದಿಟ್ಟರು. ಹೆಣ್ಣು ಕೂಸು ಎಂದು ಸುದ್ದಿ ಬಂದ ದಿನ ಗಂಟು ಕಟ್ಟಿ ಬಾಗಿಲ ತನಕ ಬಂದರು. ನಾನು ಅದರ ಹಿಂದಿನ ವಾರದಿಂದ ಮತ್ತೆ ಹಾಸಿಗೆ ಹಿಡಿದಿದ್ದೆ.

"ಹೋಗ್ರಿ ಅತ್ತಿ. ನಾ ಇರ್ತೇನಿ" ಎಂದೆ. ಖರೆ ಹೇಳುತ್ತೇನೆ, ಅವರು ಹೋಗಲಿ ಎಂದೇ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಗಂಟನ್ನು ಕೆಳಗಿಟ್ಟರು. "ನೀ ಹೋಗ್ರಿ ಅನ್ನೂದು ನನಗ ಸೇರವಲ್ದು. ಬಾವಿ ನೆನಪಾಗ್ತೈತಿ" ಎಂದರು. ಗಂಟನ್ನು ಮಗನ ಕೈಯಲ್ಲಿ ಕಳಿಸಿ, ತಾವು ನನ್ನ ಕಾಲ ಹತ್ತಿರ ಕೂತರು. ಇವತ್ತು ನಾಳೆ ಎನ್ನುತ್ತ ಬಾಣಂತನದ ದಿನಗಳೇ ಮುಗಿದುಹೋದವು.

ಹಸಿ ಬಾಣಂತಿ ಅಕ್ಕ ತಾವೇ ನೀರು ಹೊತ್ತರು. ತಾವೇ ಒಲೆಯ ಮುಂದೆ ಕೂತರು. ಆಮೇಲೆ ಸೊಂಟ ಹಿಡಿಯಿತು, ಅದು ಬಿಡಲೇ ಇಲ್ಲ. ಮೂವತ್ತು ತುಂಬದ ಹೆಂಗಸು ಒಂದು ಕಡೆ ವಾಲಿಕೊಂಡು, ಗೋಡೆ ಹಿಡಿದು ನಡೆಯುವ ಹಾಗಾಯಿತು. ಬೀಗರ ಮದುವೆಯೊಂದರಲ್ಲಿ ನಾನು ಆಕೆಯನ್ನು ಹಾಗೆ ನೋಡಿದೆ. ಹತ್ತಿರ ಹೋಗಿ ಮಾತಾಡಿಸಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲರೆದುರು ಹೇಳಿದರು, "ನಮ್ಮವ್ವ ಹಡದದ್ದು ನಿನ್ನ, ನನ್ನಲ್ಲ."

ಅತ್ತೆ ಒಮ್ಮೆ ಮಗಳನ್ನು ನೋಡಲು ಹೋದರು, ಅದೇ ದಿನ ತಿರುಗಿ ಬಂದರು. ಹೇಗಿದ್ದಾರೆ ಎಂದು ಕೇಳಿದೆ. "ಕುಂದ್ರು ಅಂದ್ಲು. ಉಣ್ಣು ಅನ್ನಲಿಲ್ಲ" ಎಂದು ಒಳಗೆ ಹೋದರು. ಅದಾದ ಮೇಲೆ ಅಕ್ಕನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನನ್ನ ಮೇಲೆ ಒಂದು ಮಾತು ಹಾಕಲಿಲ್ಲ. ಹಾಕಿದ್ದರೆ ನಾನು ನೆಮ್ಮದಿಯಿಂದ ಬದುಕುತ್ತಿದ್ದೆ ಎನಿಸುತ್ತದೆ, ಆ ಬೈಗುಳವನ್ನು ಹೊತ್ತುಕೊಂಡಾದರೂ. ಆದರೆ ರೊಟ್ಟಿ ಬಡಿಯುತ್ತ ಕೂತಾಗ ಹುನಗುಂದದ ಮೋಟಾರಿನ ಹಾರನ್ನು ಕೇಳಿದರೆ ಅವರ ಕೈ ನಿಲ್ಲುತ್ತಿತ್ತು. ಹೆಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ನಾನು ಅದನ್ನು ತಿರುವಿ ಹಾಕುತ್ತಿದ್ದೆ.

ಅತ್ತೆ ಜ್ವರ ಬಂದು ಬೇಗನೆ ಹೋಗಿಬಿಟ್ಟರು. ಮಗಳಿಗೆ ಸುದ್ದಿ ಮುಟ್ಟುವ ಮೊದಲೇ ಹೋದರು. ಅಕ್ಕ ಬಂದು, ವಾಲಿಕೊಂಡೇ ನಡೆದು, ಅವ್ವನ ತಲೆಯ ಹತ್ತಿರ ಕೂತರು. ಮೈ ತೊಳೆಯುವಾಗ ನಾವಿಬ್ಬರೇ ಇದ್ದೆವು. ನನಗೆ ತಡೆಯಲಾಗಲಿಲ್ಲ. "ಯಕ್ಕಾ, ನಿಮ್ಮವ್ವನ್ನ ನಾ ಕಸಗೊಂಡೆ" ಎಂದೆ. ಇಲ್ಲವ್ವಾ, ಹಾಗನ್ನಬೇಡ, ಎನ್ನುತ್ತಾರೆ ಎಂಬ ಆಸೆ ನನಗಿತ್ತು. ಸುಳ್ಳಾದರೂ ಸರಿ.

"ಹೌದು, ಕಸಗೊಂಡಿ" ಎಂದರು ಅಕ್ಕ. ಅವ್ವನ ಕೈಬೆರಳುಗಳನ್ನು ಒಂದೊಂದಾಗಿ ಒರೆಸಿದರು. ದಿನಕರ್ಮ ಮುಗಿದ ಮೇಲೆ ನನ್ನ ಕಡೆ ನೋಡದೆ ಮೋಟಾರು ಹತ್ತಿದರು.

ಅತ್ತೆ ಹೋದ ಮೇಲೆ ನಾನು ಮತ್ತೆ ಜಡ್ಡಿಗೆ ಬಿದ್ದೆ. ಅಷ್ಟು ಆಳಕ್ಕೆ ಎಂದೂ ಬಿದ್ದಿರಲಿಲ್ಲ. ಹಿಂದಿನ ಸಲಗಳಲ್ಲಿ ನಾನು ಯಾತಕ್ಕೆ ಬೇಕು ಎಂಬ ಒಂದೇ ಮಾತು ತಲೆಯಲ್ಲಿತ್ತು. ಈಗ ಅದರ ಜೊತೆಗೆ ಅಕ್ಕನ ನಡಿಗೆ ಸೇರಿತ್ತು. ನಮ್ಮ ಮನೆಯವರು ಮಗ್ಗ ಬಿಟ್ಟು ಬಂದು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಎದುರು ಕೂರುತ್ತಿದ್ದರು. ಅವರಿಗೆ ಏನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ. ನಾನು ಅನ್ನ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಅಕ್ಕ. ಕಂಕುಳಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈ ಚೌಕಟ್ಟಿನ ಮೇಲೆ. ಇಳಕಲ್ಲಿನಿಂದ ಹೋದ ಯಾರೋ ಸುದ್ದಿ ಹೇಳಿದ್ದರಂತೆ. ಮೋಟಾರು ನಿಲ್ಲುವಲ್ಲಿಂದ ನಡೆದು ಬಂದು ಮುಖ ಬೆವೆತು ಹೋಗಿತ್ತು.

"ನನ್ನ ಸಿಟ್ಟ ಹ್ವಾತು ಅಂತ ತಿಳಕೋಬ್ಯಾಡ" ಎಂದರು, ಅಲ್ಲೇ ನಿಂತು. "ನನ್ನ ಅವ್ವನ್ನ ಪೂರಾ ನಿನಗ ಕೊಟ್ಟು ನಾ ಬರಿಗೈಲೆ ಕುಂತೇನಿ. ಅಷ್ಟೂ ತಗೊಂಡು ಈಗ ನೀ ಸಾಯ್ತೇನಿ ಅಂದ್ರ? ಆಕಿ ನನಗೂ ಸಿಗಲಿಲ್ಲ, ನಿನಗೂ ದಕ್ಕಲಿಲ್ಲ ಅಂದಂಗಾತಲ್ಲ. ನಾ ಬಿಡಂಗಿಲ್ಲ ನೋಡು."

ನಾನು ಎದ್ದು ಕೂರಲು ನೋಡಿದೆ, ಆಗಲಿಲ್ಲ. "ಯಕ್ಕಾ, ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋರಿ" ಎಂದೆ.

"ಇಲ್ಲ" ಎಂದರು ಅಕ್ಕ. ಗಂಟನ್ನು ಮೂಲೆಗೆ ಎಸೆದು, ಗೋಡೆ ಹಿಡಿದುಕೊಂಡು ನಿಧಾನವಾಗಿ ನನ್ನ ಹಾಸಿಗೆಯ ಅಂಚಿಗೆ ಕೂತರು. "ಆಚಿ ಸರಿ. ನನ್ನ ಸೊಂಟ ಭಾಳ ನೋಯಾಕತ್ತೈತಿ. ನಾನೂ ಮಕ್ಕೊಂತೇನಿ."

ನಾನು ಸರಿದೆ.